ಟಾಕಿ ಹೊತ್ತ ಕ್ಯೂಬ್

ಗದಗ ಸೀಮೆಯ ಈ ಊರಿನ ನೀರಿನ ಟಾಕಿ ನಿಂತಿರುವುದೇ ನನ್ನ ನೆತ್ತಿಯ ಮೇಲೆ. ನಾನೊಮ್ಮೆ ಸೀನಿದರೆ ಅರ್ಧ ಜಿಲ್ಲೆ ತೊಯ್ದು ತೊಪ್ಪೆಯಾದೀತು! ಅದಕ್ಕೇ ಹುಟ್ಟಿದಾಗಿನಿಂದ ಮೂಗು ಹಿಡಿದುಕೊಂಡಿದ್ದೇನೆ.

ನಾನು ಒಂದು ಕಾಂಕ್ರೀಟ್ ಕ್ಯೂಬ್. ಎತ್ತರ ಗೇಣೂ ಇಲ್ಲ. ಕಂಬಕ್ಕೆ ಸುರಿಯುವ ಕಾಂಕ್ರೀಟನ್ನೇ ಮಾದರಿಗೆಂದು ಕಬ್ಬಿಣದ ಅಚ್ಚಿಗೆ ಒಂದಿಷ್ಟು ತುಂಬಿ, ಗಟ್ಟಿಯಾದ ಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಕ್ಯೂಬ್ ತಾಳಿದಷ್ಟು ಕಂಬವೂ ತಾಳುತ್ತದೆಂದು ನಂಬಿಕೆ. ಟಾಕಿಯ ಬುಡದಲ್ಲೇ ಅಂಗನವಾಡಿ ಇತ್ತು. ಈ ನಂಬಿಕೆ ಸುಳ್ಳಾಗುವಂತಿರಲಿಲ್ಲ.

ಗುತ್ತಿಗೆದಾರ ಈರಬಸಪ್ಪನವರು ಕಟ್ಟಡದವರ ಸಂಘ ತಾನಾಗಿ ಮಾಡಿಕೊಂಡ ನೀತಿ ನಿಯಮಗಳಿಗೆ ಎಲ್ಲರಿಗಿಂತ ಮೊದಲು ಒಪ್ಪಿ, ಗೇಟಿನ ಮೇಲೆ ಬೋರ್ಡ್ ಬರೆಸಿದ್ದರು: 'ಲಂಚ ಕೊಡೆವು, ಕಳ್ಳ ಮಾದರಿ ತೋರಿಸೆವು.'

ಪರೀಕ್ಷೆಯ ದಿನ ನನ್ನ ಇಬ್ಬರು ಅಣ್ಣಂದಿರನ್ನು ಒತ್ತಿದರು. ಯಂತ್ರದ ಮುಳ್ಳು ಬೇಕಾದ್ದಕ್ಕಿಂತ ಎರಡು ಪಟ್ಟು ಏರಿತು. ಯಂತ್ರವೇ ನರಳಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ಇಂಜಿನಿಯರ್ ನಾಜನೀನ್ ಮಾತ್ರ ಮುಖ ಗಂಟಿಕ್ಕಿದಳು. ಗಟ್ಟಿಯಾಗಿರುವುದೂ ತಪ್ಪೇ? ನನಗೆ ತಲೆಬುಡ ತಿಳಿಯಲಿಲ್ಲ.

"ಯಂಕಪ್ಪ ಮೇಸ್ತ್ರಿ, ಇದು ಕಂಬದ ಮಾಲಲ್ಲ. ಖರೇ ಹೇಳ್ರಿ."

"ಮೆತ್ತಗಾದ್ರೂ ಬೈತೀರಿ, ಗಟ್ಟಿಯಾದ್ರೂ ಬೈತೀರಿ! ಬಿಸಿಲಿಗೆ ಮಾಲು ಬಿಗಿಯಾಕತ್ತಿತ್ತು, ಕಂಬಕ್ಕ ನೀರು ಜಾಸ್ತಿ ಹಾಕೀವ್ರಿ. ಕ್ಯೂಬು ಫೇಲಾದೀತಂತ ಅದಕ್ಕ ಬ್ಯಾರೆ ಕಲಸಿ, ಸಿಮೆಂಟ್ ಒಂದೀಟು ಕೈಬಿಚ್ಚಿ ಹಾಕೀನ್ರಿ."

ಈರಬಸಪ್ಪ ಬೆವರು ಒರೆಸಿಕೊಂಡರು. "ಹೋಗ್ಲಿ ಬಿಡವಾ ತಂಗಿ. ಸರ್ಕಾರದವರು ಏನೂ ಕೇಳಿಲ್ಲ. ಪಾಸ್ ಅಂತ ಬರದು ಬಿಡು."

"ಬೋರ್ಡ್ ಬರಸ್ರಿ ಅಂತ ಸರ್ಕಾರದವರು ಹೇಳಿದ್ರೇನ್ರಿ?"

"ಇಲ್ಲ, ನಾನಾಗೇ ಬರಸೀನಿ!"

"ಹಂಗಾದ್ರ ಈಗ ಸುಳ್ಳು ಯಾರಿಗೆ ಹೇಳಾಕತ್ತೀರಿ, ಸರ?"

ಈರಬಸಪ್ಪನವರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು. ಅಂಗನವಾಡಿಯಲ್ಲಿ ಮಕ್ಕಳು ಊಟಕ್ಕೆ ತಟ್ಟೆ ಬಡಿಯುತ್ತಿದ್ದರು. ಅತ್ತ ಒಮ್ಮೆ ತಿರುಗಿ, "ಕಂಬಾನ ಕೊರೀರಿ" ಎಂದರು.

ಕೊರೆದು ತೆಗೆದ ತುಂಡನ್ನು ಯಂತ್ರಕ್ಕಿಟ್ಟರೆ ಅದು ಒಣ ರೊಟ್ಟಿಯಂತೆ ಮುರಿಯಿತು. ಕಂಬಗಳನ್ನು ಕೆಡವಿ ಹೊಸದಾಗಿ ಕಟ್ಟಿದರು. ಈರಬಸಪ್ಪನವರು ಆ ವರ್ಷ ಹೊಸ ಜೀಪಿನ ಮಾತೆತ್ತಲಿಲ್ಲ.

ಆ ಹೊಸ ಕಂಬಗಳ ಒಳಗೆ ಹೊಕ್ಕು ಟಾಕಿ ಎತ್ತಿ ಹಿಡಿದವನೇ ನಾನು! ಏನು, ನಗುತ್ತೀರಾ? ಓ... ನನ್ನ ಹಣೆಯ ಮೇಲೆ ನಾಜನೀನ್ ಕೆಂಪು ಬಣ್ಣದಲ್ಲಿ ಬರೆದದ್ದನ್ನು ಓದಿಬಿಟ್ಟಿರಿ: 'ಕಳ್ಳ ಮಾದರಿ.'

ಆಯಿತು, ಒಪ್ಪಿಕೊಂಡೆ. ನನ್ನ ಮೇಲೆ ಹನಿ ನೀರೂ ನಿಂತಿಲ್ಲ. ಕಚೇರಿಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಕೂತಿದ್ದೇನೆ, ಅಷ್ಟೇ. ನನ್ನ ಅರ್ಧದಷ್ಟು ಗಟ್ಟಿಯಿರುವ ಕಂಬಗಳು ಊರಿನ ನೀರು ಹೊತ್ತಿವೆ, ನಾನು ಬಾಗಿಲು ಕಾಯುತ್ತಿದ್ದೇನೆ. ಇದು ಹೇಗೆಂದು ಎಷ್ಟು ಯೋಚಿಸಿದರೂ ನನ್ನ ಈ ಗಟ್ಟಿ ತಲೆಗೆ ಹೋಗುತ್ತಿಲ್ಲ.