ಕಾಫಿಯಲ್ಲಿ ನೆನೆದ ಬಿಲ್ಲೆಗಳು

ಫಿನ್‌ಲೆಂಡಿನ ಕಾಯಾನಿಯಲ್ಲಿ ಹಿಲ್ಕಾ ಎಂದರೆ ಕಾಫಿ, ಕಾಫಿ ಎಂದರೆ ಹಿಲ್ಕಾ. ದಿನಕ್ಕೆ ಎಂಟು ಲೋಟ. ಮುಂದಿನ ಹಲ್ಲಿನ ತೂತಿಗೆ ತುಂಬಿಸಿದ್ದ ಬಿಳಿ ಸಿಮೆಂಟು ನಾಲ್ಕೇ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ, ಎಪ್ಪತ್ತೊಂದರ ಆ ಹಾಡುಗಾರ್ತಿಗೆ ಬಾಯಿ ತೆರೆಯುವುದೇ ಮುಜುಗರವಾಗಿತ್ತು. ಆಗಸ್ಟಿನಲ್ಲಿ ಮೊಮ್ಮಗಳ ಮದುವೆ, ಹಾಡದೆ ವಿಧಿಯಿಲ್ಲ.

ಹಲ್ಲಿನ ಡಾಕ್ಟರು ತುಯಾ ಬಳಿ ಎರಡು ಬಗೆಯ ಸಿಮೆಂಟು ಇದ್ದವು. ಒಂದು ಬಲು ಗಟ್ಟಿ, ಇನ್ನೊಂದು ತುಸು ಮೆದು. ಗಟ್ಟಿಯದಕ್ಕೆ ಕಲೆ ಹಿಡಿಯದು, ಆದರೂ ಕಾಫಿ ಕಡಿಮೆ ಮಾಡುವುದು ಒಳ್ಳೆಯದು ಎಂದಳು ತುಯಾ.

“ಹೋದ ಸಲಾನೂ ನೀನು ಹಿಂಗೇ ಅಂದಿದ್ದೆ ಕಣೇ. ಎರಡರದ್ದೂ ಒಂದೊಂದು ಚೂರು ಕೊಡು, ನಾನೇ ನೋಡ್ತೀನಿ.”

ಮೂವತ್ತು ವರ್ಷ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದ ಹಿಲ್ಕಾಳ ಮಾತು, ತೆಗೆದುಹಾಕುವಂತಿರಲಿಲ್ಲ. ತುಯಾ ನಗುತ್ತಲೇ ಸಿಮೆಂಟನ್ನು ಗಟ್ಟಿಯಾಗಿಸುವ ನೀಲಿ ದೀಪ ಹಿಡಿದು, ಅಂಗಿಯ ಗುಂಡಿಯಷ್ಟಗಲದ ಎರಡು ಬಿಲ್ಲೆ ಮಾಡಿಕೊಟ್ಟಳು. ಹಿಲ್ಕಾ ಅವನ್ನು ಎರಡು ಲೋಟಗಳಲ್ಲಿ ಮುಳುಗಿಸಿಟ್ಟು ದಿನವೂ ಹೊಸ ಕಾಫಿ ಸುರಿದಳು. ಒಂದು ಬೆಳಿಗ್ಗೆ ಗಂಡ ಔಲಿಸ್ ನಿದ್ದೆಗಣ್ಣಲ್ಲಿ ಒಂದು ಲೋಟವನ್ನೆತ್ತಿ ಕುಡಿದು, ಬಿಲ್ಲೆಯನ್ನು ಕಟಕ್ಕೆಂದು ಕಚ್ಚಿದ. ಅವನು ದವಡೆ ಹಿಡಿದುಕೊಂಡು ಗೋಳಾಡುತ್ತಿದ್ದರೆ ಹಿಲ್ಕಾ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಟ್ಟಿಯದೇ. ಒಂದು ಗೀರೂ ಬಿದ್ದಿರಲಿಲ್ಲ.

ತಿಂಗಳು ಕಳೆದ ಮೇಲೆ ಎರಡನ್ನೂ ಆಸ್ಪತ್ರೆಗೆ ಒಯ್ದಳು. ಮೆದುವಿನ ಬಿಲ್ಲೆ ಪೂರ್ತಿ ಮಂಕಾಗಿತ್ತು, ಉಗುರಿಗೂ ಗೆರೆ ಮೂಡುತ್ತಿತ್ತು. ಗಟ್ಟಿಯದರದ್ದೇ ಸೋಜಿಗ: ಒಂದು ಮುಖ ಕಂದು, ಇನ್ನೊಂದು ಹಾಲಿನಂತೆ ಬೆಳ್ಳಗೆ. ತುಯಾ ಭೂತಗನ್ನಡಿ ಹಿಡಿದು ನೋಡಿದಳು, ಕಿವಿ ಕೆಂಪಾದವು.

“ಬೆಳ್ಳಗಿರೋ ಕಡೆ ಮಾತ್ರ ಉಜ್ಜಿ ನಯ ಮಾಡಿದ್ದೆ. ಇನ್ನೊಂದು ಕಡೆ ಒರಟಾಗೇ ಬಿಟ್ಟಿದ್ದೆ, ಅಲ್ಲಿ ಕಲೆ ಕೂತಿದೆ. ನಿಮ್ಮ ಹಲ್ಲನ್ನೂ ನಾಲ್ಕು ವರ್ಷದ ಹಿಂದೆ ಅವಸರದಲ್ಲಿ ಸರಿಯಾಗಿ ಉಜ್ಜದೆ ಬಿಟ್ಟಿದ್ದೆ ಅನ್ಸುತ್ತೆ.”

“ಅಂದ್ರೆ ತಪ್ಪು ಕಾಫೀದಲ್ಲ?”

“ನಂದು.”

ಇಷ್ಟು ಒಳ್ಳೆಯ ಸುದ್ದಿಯನ್ನು ಹಿಲ್ಕಾ ವರ್ಷಗಳಿಂದ ಕೇಳಿರಲಿಲ್ಲ. ಡಾಕ್ಟರನ್ನೇ ತಬ್ಬಿಕೊಂಡಳು. ತುಯಾ ಅಂದೇ ಹಳೆಯದನ್ನು ತೆಗೆದು ಗಟ್ಟಿಯದನ್ನು ತುಂಬಿ, ಮುಕ್ಕಾಲು ಗಂಟೆ ಕೂತು ಗಾಜಿನಂತಾಗುವವರೆಗೆ ಉಜ್ಜಿದಳು.

ಮದುವೆಯ ದಿನ ಹಿಲ್ಕಾ ಬಾಯಿತುಂಬ ಹಾಡಿದಳು. ಒಂದೇ ಹಾಡೆಂದು ಮೊದಲೇ ಮಾತಾಗಿತ್ತು. ಎರಡು ಮುಗಿದು ಮೂರನೆಯದಕ್ಕೆ ಉಸಿರೆಳೆದುಕೊಂಡಾಗ ಔಲಿಸ್ ವೇದಿಕೆಯ ಕೆಳಗಿನಿಂದ ಸಾಕೆಂದು ಕೈಸನ್ನೆ ಮಾಡಿದ. ಅವಳು ಕಾಣದವಳಂತೆ ವರನ ಕಡೆಯವರತ್ತ ತಿರುಗಿ, ಅವರನ್ನೂ ದನಿಗೂಡಿಸಲು ಕರೆದಳು.