ಗಂಗವ್ವನ ಪಾಲು

ಹರಿಗೋಲು ಮತ್ತೊಂದು ಸುತ್ತು ತಿರುಗಿತು. ಬೋನಾಳ ಕೆರೆಯ ಏರಿ, ಜಾಲಿ ಮರ, ಅದರ ನೆರಳಿನ ಜೀಪು ಎಲ್ಲವೂ ಈಶಪ್ಪನ ಕಣ್ಣ ಮುಂದೆ ಸರಿದುಹೋದವು. ಅವನು ಹಲ್ಲು ಕಚ್ಚಿ ಉಗುಳು ನುಂಗಿದ. ಬೆನ್ನಿಗೆ ಬಿಗಿದ ಗಾಳಿಯ ಸಿಲಿಂಡರು ಹಿಂದಕ್ಕೆ ಜಗ್ಗುತ್ತಿತ್ತು.

ಕೆರೆಯ ತಳಕ್ಕೆ ಎಸೆದಿದ್ದ ಕಬ್ಬಿಣದ ಬಳೆಯನ್ನು ಹುಡುಕಿ ತಂದರೆ ಅಗ್ನಿಶಾಮಕ ಠಾಣೆಯ ಮುಳುಗುವವರ ತಂಡಕ್ಕೆ ಅವನು ಸೇರಿದಂತೆ. ವಾಂತಿ ಮಾಡಿಕೊಂಡವರನ್ನು ನೀರಿಗೆ ಬಿಡುವುದಿಲ್ಲವೆಂದು ಪರೀಕ್ಷೆ ನಡೆಸುವ ಪಂಪಣ್ಣ ಸಾಹೇಬರು ಮುಂಜಾನೆಯೇ ಹೇಳಿದ್ದರು. ಶಹಾಪುರದ ಕಾಲುವೆಯಲ್ಲಿ ಈಜಿ ಬೆಳೆದ ಈಶಪ್ಪ ಆಗ ನಕ್ಕಿದ್ದ. ಆದರೆ ಕಾಲುವೆಯ ನೀರು ನೆಟ್ಟಗೆ ಹೋಗುತ್ತದೆ. ಹೀಗೆ ಎತ್ತಿ ಇಳಿಸಿ ತಿರುಗಿಸುವುದಿಲ್ಲ.

"ಮಾರಿ ಬಿಳಿಚ್ಯಾದಲ್ಲೋ ಯಪ್ಪಾ," ಎಂದಳು ಹುಟ್ಟು ಹಾಕುತ್ತಿದ್ದ ಮೀನಿನ ಕರೆಮ್ಮ. "ಮುಂಜಾನಿ ಏನ್ ತಿಂದಿ?"

"ಏನೂ ಇಲ್ಲಬೇ. ಹೊಸ ನೀರಿಗಿಳಿಯಾಕ ಮುಂಚೆ ಗಂಗವ್ವಗ ಕಾಯಿ ಒಡೀಬೇಕು, ಅಲ್ಲಿತನಕ ಬಾಯಾಗ ಏನೂ ಹಾಕ್ಕೋಬಾರ್ದು ಅಂತಾಳ ನಮ್ಮವ್ವ. ಸಾಹೇಬ್ರು ಗಡಿಬಿಡಿ ಮಾಡಿದ್ರು. ಕಾಯಿ ಜೀಪಿನ್ಯಾಗ ಉಳದದ."

"ಖಾಲಿ ಹೊಟ್ಟಿ ತಿರಗಲಾರ್ದ ಏನ್ ಮಾಡ್ತದ?"

ಏರಿಯಿಂದ ಪಂಪಣ್ಣ ಸಾಹೇಬರ ದನಿ ಬಂತು. "ಯಾಕೋ ಈಶಪ್ಪ, ಆರಾಮ ಇಲ್ಲೇನು?"

ಈಶಪ್ಪ ಬಾಯಿ ತೆರೆದರೆ ಏನು ಬರುತ್ತಿತ್ತೋ. ಕರೆಮ್ಮನೇ ಕೂಗಿದಳು. "ಹರಿಗೋಲಿನ್ಯಾಗ ನೀರು ಬಂದಾವ್ರಿ ಸಾಹೇಬ್ರ, ಗೋರಿ ಚೆಲ್ಲಾಕತ್ತೀನಿ. ತುಸು ತಡೀರಿ."

ಹನಿ ನೀರೂ ಇಲ್ಲದ ಹರಿಗೋಲಿನಲ್ಲಿ ಅವಳು ಹುಟ್ಟನ್ನು ಒತ್ತಿ ಹಿಡಿದು ಸುತ್ತು ನಿಲ್ಲಿಸಿದಳು. "ನೀರು ನೋಡಬ್ಯಾಡ. ಆ ಜಾಲಿಗಿಡ ನೋಡು." ಸೆರಗಿನ ಗಂಟು ಬಿಚ್ಚಿ ಗರಿಗರಿಯಾದ ಕಟಕ ರೊಟ್ಟಿ ಮುರಿದಳು. "ಮೂವತ್ತು ವರ್ಷ ಆತು ಈ ಕೆರ್ಯಾಗ. ಗಂಗವ್ವ ಒಂದಿನಾನೂ ಕಾಯಿ ಕೇಳಿಲ್ಲ. ನಾ ತಿನ್ನೂದ್ರಾಗ ಆಕಿಗೊಂದು ಚೂರು. ತಗೋ, ಮೊದ್ಲ ಆಕಿಗಿ ಹಾಕು."

ಈಶಪ್ಪ ಒಂದು ಚೂರನ್ನು ನೀರಿಗೆ ಬಿಟ್ಟು ಹಣೆ ಮುಟ್ಟಿಕೊಂಡ. ಉಳಿದದ್ದನ್ನು ಜಾಲಿಯ ಕಡೆ ನೋಡುತ್ತ ಮೆಲ್ಲಗೆ ಅಗಿದ. ಬಾಯಿ ಒಣಗಿತು. ಸ್ವಲ್ಪ ಹೊತ್ತಿಗೆ ಮರ ಇದ್ದಲ್ಲೇ ನಿಂತಿತು, ಹೊಟ್ಟೆಯೂ ನಿಂತಿತು.

ಅವನು ಸಾಹೇಬರತ್ತ ಕೈ ಎತ್ತಿದ. ಮಗುಚದಿರಲೆಂದು ಕರೆಮ್ಮ ಎದುರಿನ ಅಂಚಿಗೆ ಸರಿದು ಕೂತಳು. ಈಶಪ್ಪ ಗಾಳಿಯ ಕೊಳವೆ ಕಚ್ಚಿ ನೀರಿಗೆ ಜಾರಿದ.

ಒಳಗೆ ಏನೂ ತಿರುಗುತ್ತಿರಲಿಲ್ಲ. ಹಸಿರು ಬೆಳಕಿನಲ್ಲಿ ನೆನೆದ ರೊಟ್ಟಿಯ ಚೂರು ನಿಧಾನ ಇಳಿಯುತ್ತಿತ್ತು, ಸುತ್ತ ನಾಲ್ಕಾರು ಸಣ್ಣ ಮೀನು. ಈಶಪ್ಪ ಅದಕ್ಕೆ ದಾರಿ ಬಿಟ್ಟು ತುಸು ನಿಂತ. ಆಮೇಲೆ ಅದರ ಹಿಂದೆಯೇ ಕೆಳಗಿಳಿದ.