ನೀಲಿ ಗೇಟು

ಕಿರಿಮಗ ಕಾಣೆಯಾಗಿ ಒಂಬತ್ತು ದಿನವಾದ ಮೇಲೆ ಆ ತಾಯಿ ನಮ್ಮ ಸ್ಟುಡಿಯೊಗೆ ಬಂದರು. ಅವನು ಫೋನಿನಲ್ಲಿ ಕಳಿಸಿದ್ದ ಕೊನೆಯ ಫೋಟೊ ಒಂದೇ ಅವರ ಬಳಿ ಇದ್ದದ್ದು. ಬೂದು ಗೋಡೆಗೆ ಒರಗಿ ನಿಂತ ಹುಡುಗ. ಉದ್ದಕ್ಕೆ, ಇಕ್ಕಟ್ಟಾಗಿ ತೆಗೆದ ಚಿತ್ರ. ಪೋಸ್ಟರಿಗೆ ಅದರ ಮೂರರಷ್ಟು ಅಗಲ ಬೇಕಿತ್ತು.

“ಎರಡೂ ಕಡೆ ಗೋಡೆ ಬೆಳೆಸಮ್ಮ, ಸಾಕು,” ಎಂದರು ಮಾಲೀಕರು.

ಖಾಲಿ ಜಾಗ ಗುರುತು ಮಾಡಿ ಗುಂಡಿ ಒತ್ತಿದೆ. ಕಂಪ್ಯೂಟರ್ ಎಡಕ್ಕೆ ಗೋಡೆಯನ್ನೇ ಮುಂದುವರಿಸಿತು. ಬಲಕ್ಕೆ, ಯಾರೂ ಕೇಳದಿದ್ದರೂ, ತುಕ್ಕು ಹಿಡಿದ ನೀಲಿ ಗೇಟೊಂದನ್ನು ತಂದು ನಿಲ್ಲಿಸಿತು. ಬೋಳು ಗೋಡೆಗಿಂತ ಚೆಂದವೆನಿಸಿ ಹಾಗೇ ಬಿಟ್ಟೆ. ಇನ್ನೂರು ಪ್ರತಿ ಮುದ್ರಿಸಿ ಕೊಟ್ಟೆವು.

ಮೂರನೆಯ ದಿನ ಆಕೆ ಮತ್ತೆ ಬಂದಾಗ ಮುಖದಲ್ಲಿ ಕಳೆಯಿತ್ತು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ! ಆ ಗೇಟು ನನ್ನ ಫೋನಲ್ಲಿ ಕಾಣ್ತಾನೇ ಇರ್ಲಿಲ್ಲ. ನೀನು ದೊಡ್ಡದು ಮಾಡಿದ್ಮೇಲೆ ಕಂಡಿತು ನೋಡು. ನನ್ನ ದೊಡ್ಡ ಮಗ, ಅವನ ಸ್ನೇಹಿತರು, ಎಲ್ಲಾ ಬೀದಿ ಬೀದಿ ಅದನ್ನೇ ಹುಡುಕ್ತಿದ್ದಾರೆ.”

ನಾನು ಕಂಪ್ಯೂಟರಿನ ಕಡೆ ತಿರುಗಿ ಅವರು ಕೊಟ್ಟಿದ್ದ ಫೋಟೊ ತೆರೆದೆ. ಬರೀ ಗೋಡೆ.

“ಅಷ್ಟು ಹೊಗಳ್ತಿದ್ದಾರೆ, ಏನಾದ್ರೂ ಅನ್ನೇ. ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ?” ಮಾಲೀಕರು ನಕ್ಕರು. ಅವರಿಗೆ ಗೇಟಿನ ವಿಷಯ ಗೊತ್ತಿರಲಿಲ್ಲ.

ಹೇಳಬೇಕಾದದ್ದು ಎರಡೇ ಮಾತು. ನಾನು ಮನಸ್ಸಿನಲ್ಲೇ ಜೋಡಿಸುತ್ತ ಕೂತೆ. ‘ಅಮ್ಮಾ’ ಎಂದು ಶುರುಮಾಡಲೇ, ‘ತಪ್ಪಾಯಿತು’ ಎಂದೇ? ಬರೆಯುವುದಾಗಿದ್ದರೆ ಒಂದು ಗಳಿಗೆಯ ಕೆಲಸ. ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು.

“ಸಿಕ್ತಾ? ನೀಲಿನೇ ತಾನೇ? ಒಳಗೆ ಯಾರಿದ್ದಾರೋ? ಮುದುಕನಾ? ಗೊತ್ತಿಲ್ಲ ಅಂತಾನಾ? ಬಿಡ್ಬೇಡ ಅವನ್ನ. ನಾಲ್ಕು ಬಿಟ್ರೆ ತಾನಾಗೇ ಬಾಯಿ ಬಿಡ್ತಾನೆ!”

ಫೋನಿನೊಳಗೆ ಗದ್ದಲ. ಏನೋ ಬಿದ್ದು ಒಡೆದ ಸದ್ದು.

“ಆ ಗೇಟು ಇಲ್ಲ,” ಎಂದೆ. ಅದು ನನಗೇ ಕೇಳಿಸಲಿಲ್ಲ. ಎದ್ದು ಹೋಗಿ ಅವರ ತೋಳು ಹಿಡಿದು ಅಲುಗಿಸಿದೆ. “ಅಮ್ಮಾ, ಆ ಗೇಟೇ ಇಲ್ಲ. ಜಾಗ ತುಂಬ್ಲಿ ಅಂತ ಕಂಪ್ಯೂಟರ್ ಹಾಕಿದ್ದು. ಫೋಟೊದಲ್ಲಿ ಇದ್ದಿದ್ದು ನಿಮ್ಮ ಮಗ, ಅವನ ಹಿಂದಿನ ಗೋಡೆ, ಅಷ್ಟೇ.”

ಆಕೆ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಪೋಸ್ಟರನ್ನು ನೋಡಿದರು. ಮತ್ತೆ ನನ್ನನ್ನು.

“ಬಿಡೋ ಅವರನ್ನ! ಲೇ, ಕೈ ತೆಗಿಯೋ, ಅವರಲ್ಲ ಕಣೋ!”

ಅತ್ತ ಫೋನು ಯಾರ ಕಿವಿಯ ಬಳಿಯೂ ಇರಲಿಲ್ಲವೇನೋ. ಮುದುಕನ ಕೂಗೊಂದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಆಕೆ ಕೂಗುತ್ತಲೇ ಇದ್ದರು.

ಕೊನೆಗೆ ದೊಡ್ಡ ಮಗನ ಏದುಸಿರು ಹತ್ತಿರ ಬಂತು.

“ಅಮ್ಮಾ,” ಎಂದ. “ಇವ್ನು ಏಳ್ತಿಲ್ಲಮ್ಮಾ.”